ಸೌರವ್: ಒಂದು ವ್ಯಕ್ತಿನಾಮದ ಚರಿತ್ರೆ

ಸೌರವ್ ಎಂಬುದು ಬಂಗಾಳದಲ್ಲಿ ಗಂಡುಮಕ್ಕಳಿಗೆ ಇಡುವ ಹೆಸರು. ಸಂಸ್ಕೃತದ ಸೌರಭ ಶಬ್ದವೇ ಇದರ ಮೂಲ. ಅರ್ಥ ಪರಿಮಳ, ಕಂಪು. ಹಿಂದಿ ಸೀಮೆಯಲ್ಲಿ ಇದೇ ಹೆಸರು ಸೌರಭ್ ಎಂದು ಚಲಾವಣೆಯಲ್ಲಿದೆ. ಕೊಲ್ಕತ್ತದ ನೈಋತ್ಯಕ್ಕಿರುವ ಬೆಹಾಲಾದ ಕ್ರಿಕೆಟ್ ಆಟಗಾರ ಸೌರವ್ ಗಂಗೂಲಿಯಿಂದಾಗಿ (ಜನನ 8 ಜುಲೈ 1972) ಇದು ಕನ್ನಡಿಗರಿಗೂ ಮನೆಮಾತಾಯಿತು. ಬೆಹಾಲಾದ ಸೌರವನನ್ನೂ ಹಿಂದಿ ಸೀಮೆಯ ಸೌರಭನನ್ನೂ ಕನ್ನಡ ಪತ್ರಿಕೆಗಳು ಬೇರೆ ಬೇರೆ ಕಾಗುಣಿತದಲ್ಲಿ ಅಚ್ಚು ಹಾಕುತ್ತವೆ. ಹೆಸರು ಮಾತ್ರ ಒಂದೇ.

ಸುರಭಿ ಎಂದರೆ ಕಂಪುಳ್ಳದ್ದು. ಕಾಮಧೇನುವಿಗೂ ಸುರಭಿ ಎಂಬ ಹೆಸರುಂಟು. ಶಿವಮೊಗ್ಗ ಜಿಲ್ಲೆಯ ಸೊರಬಕ್ಕೆ ಆ ಹೆಸರು ಬಂದದ್ದೇ ಈ ಸುರಭಿಯಿಂದ ಎಂಬ ಐತಿಹ್ಯವಿದೆ. ಗುರುವಿನಿಂದ ಗೌರವ, ಕುರುವಿನಿಂದ ಕೌರವ ಬಂದ ಹಾಗೆ ಆದಿಸ್ವರ ವೃದ್ಧಿಯಾಗಿ ಸುರಭಿಯಿಂದ ಸೌರಭ ಬಂದಿದೆ. ಸೌರವ್ ಎಂಬ ರೂಪವನ್ನಷ್ಟೇ ಕಂಡವರು ಅದನ್ನು ‘ಸೌರ’ ಶಬ್ದಕ್ಕೆ ಗಂಟುಹಾಕಿ ಸೂರ್ಯನಿಗೆ ಸಂಬಂಧಿಸಿದ ಹೆಸರು ಎಂದು ಹೇಳುವುದುಂಟು. ಇದಕ್ಕೆ ಆಧಾರವಿಲ್ಲ.

ಭಕಾರ ವಕಾರವಾದ ಬಗೆ ಹೀಗೆ. ಬಂಗಾಳಿಗಳು ತಮ್ಮ ಲಿಪಿಯಲ್ಲಿ ಈ ಹೆಸರನ್ನು ಭಕಾರದಲ್ಲೇ ಬರೆಯುತ್ತಾರೆ, ‘ಶೌರೊಭ್’ ಎಂಬುದಕ್ಕೆ ಹತ್ತಿರವಾಗಿ ಉಚ್ಚರಿಸುತ್ತಾರೆ. ಆ ಭಾಷೆಯಲ್ಲಿ ಸಂಸ್ಕೃತದ ವಕಾರ ಬಕಾರದೊಳಗೆ ಸೇರಿಹೋಗಿದೆ. ನಮ್ಮ ವಿವೇಕಾನಂದರು ಅವರ ಬಾಯಲ್ಲಿ ಬಿಬೇಕಾನಂದ. ಹೀಗಾಗಿ ಇಂಗ್ಲಿಷಿನಲ್ಲಿ ಹೆಸರು ಬರೆಯುವಾಗ ‘ವಿ’ ಅಕ್ಷರ ಅವರಿಗೆ ಬೇರೆ ಕೆಲಸಕ್ಕೆ ಒದಗುತ್ತದೆ, ಭಕಾರವನ್ನು ಅದರಿಂದ ಸೂಚಿಸುವ ರೂಢಿ ಹಲವು ಹೆಸರುಗಳಲ್ಲಿ ನಿಂತಿದೆ. ಕಾದಂಬರಿಕಾರ ಅಮಿತಾವ್ ಘೋಷ್ ಮತ್ತು ನಟ ಅಮಿತಾಭ್ ಬಚ್ಚನ್ ಇಬ್ಬರದೂ ಒಂದೇ ಹೆಸರು. ಇಂಗ್ಲಿಷ್ ಕಾಗುಣಿತವನ್ನು ನೋಡಿಕೊಂಡು ಕನ್ನಡಕ್ಕೆ ಇಳಿಸಿದಾಗ ಸೌರಭ ಸೌರವ್ ಆದ. ಮನೆತನದ ಹೆಸರಿಗೂ ಇದೇ ಗತಿ. ಗಂಗೂಲಿ ಎಂಬುದು ಗಂಗೋಪಾಧ್ಯಾಯದ ಬಳಕೆಯ ರೂಪ. ಕೊಲ್ಕತ್ತದ ಬಂಗಾಳಿ ಪತ್ರಿಕೆ ತೆರೆದರೆ ಅಲ್ಲಿ ಕಾಣುವುದು ಸೌರಭ ಗಂಗೋಪಾಧ್ಯಾಯ. ಕನ್ನಡ ಓದುಗನಿಗೆ ಈತ ಯಾರೋ ವ್ಯಾಕರಣ ಪಂಡಿತನಿರಬೇಕು ಎನ್ನಿಸಿದರೆ ಆಶ್ಚರ್ಯವಿಲ್ಲ.

ಕನ್ನಡಕ್ಕೆ ಶಬ್ದ ಹೊಸದಲ್ಲ. ಆದರೆ ಇಲ್ಲಿ ಅದು ನಪುಂಸಕಲಿಂಗದ ನಾಮಪದವಾಗಿಯೇ ಬಹುಕಾಲ ಉಳಿಯಿತು: ಕಾವ್ಯಸೌರಭ, ಗಾನಸೌರಭ, ಅಭಿನಂದನ ಗ್ರಂಥದ ಹೆಸರು, ಊದಿನಕಡ್ಡಿಯ ಪೊಟ್ಟಣ. ಮಗುವಿಗೆ ಹೆಸರಿಡುವಾಗ ನಮ್ಮವರ ಒಲವು ಹೆಣ್ಣುಮಗುವಾದರೆ ಸುರಭಿಯ ಕಡೆಗೆ. ಪರಿಮಳ ಎಂಬ ಹೆಸರೂ ಹೆಣ್ಣುಮಕ್ಕಳದೇ. ಕಂಪನ್ನು ಗಂಡಿನ ಹೆಸರಾಗಿಸಿದ್ದು ಬಂಗಾಳ ಮತ್ತು ಹಿಂದಿ ಸೀಮೆಯ ರುಚಿ. ‘ಗೌರವ್’ ಜೊತೆಗೆ ಪ್ರಾಸ ಕೂಡುವುದರಿಂದ ಅಣ್ಣತಮ್ಮಂದಿರಿಗೆ ಜೋಡಿಹೆಸರಾಗಿಯೂ ಇದು ಒಪ್ಪುತ್ತದೆ. ಕನ್ನಡದ ಕಿವಿಗೆ ಮಾತ್ರ ಗೌರವನಿಗಿಂತ ಮೊದಲು ನೆನಪಾಗುವವನು ಕೌರವ.

ಇಂಥ ಹೆಸರುಗಳು ಬಂಗಾಳದಲ್ಲಿ ಹೆಚ್ಚಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಅದಕ್ಕೆ ಮುಂಚೆ ಕಾಳೀಚರಣ, ಹರಿಪದ, ದುರ್ಗಾದಾಸ ಮುಂತಾದ ದೇವರ ಹೆಸರುಗಳದೇ ಮೇಲುಗೈ. ರವೀಂದ್ರನಾಥ ಠಾಕೂರರ ಕಾವ್ಯ ಓದಿದ ಮಧ್ಯಮವರ್ಗ ಸಂಸ್ಕೃತದ ಭಾವವಾಚಕಗಳ ಕಡೆಗೆ, ನಿಸರ್ಗಸೂಚಕ ಪದಗಳ ಕಡೆಗೆ ವಾಲಿತು. ಶಾಂತಿನಿಕೇತನದಲ್ಲಿ 1933ರಲ್ಲಿ ಹುಟ್ಟಿದ ಮಗುವೊಂದಕ್ಕೆ ಅಮರ್ತ್ಯ ಎಂದು ಹೆಸರಿಟ್ಟವರು ಸ್ವತಃ ಠಾಕೂರರು. ಆ ಮಗುವೇ ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್. ಬೆಹಾಲಾದ ಗಂಗೂಲಿ ಮನೆಯೊಂದರಲ್ಲೇ ಈ ಪಲ್ಲಟ ಕಾಣುತ್ತದೆ. ತಂದೆಯ ಹೆಸರು ಚಂಡೀದಾಸ, ದೇವಿಯ ದಾಸ, ಜೊತೆಗೆ ಹಳೆಯ ವೈಷ್ಣವ ಕವಿಯ ಹೆಸರು. ಮಕ್ಕಳು ಸ್ನೇಹಾಶಿಷ್ ಮತ್ತು ಸೌರವ್. ಒಂದು ತಲೆಮಾರಿನಲ್ಲಿ ದೇವರು ಹಿಂದೆ ಸರಿದು ಸ್ನೇಹ, ಆಶೀರ್ವಾದ, ಪರಿಮಳಗಳು ಬಂದವು. ನಮ್ಮಲ್ಲಿ ಕುವೆಂಪು ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದು ಹೆಸರಿಟ್ಟದ್ದು ಇದೇ ಮನೋಧರ್ಮದಿಂದ.

ಬಂಗಾಳಿ ಮಗುವಿಗೆ ಎರಡು ಹೆಸರು. ಶಾಲೆ, ಕಚೇರಿ, ಮದುವೆಯ ಕರೆಯೋಲೆಗೆ ‘ಭಾಲೋ ನಾಮ್’; ಮನೆಯೊಳಗೆ, ಓಣಿಯಲ್ಲಿ ಕರೆಯಲು ‘ಡಾಕ್ ನಾಮ್’. ಸತ್ಯಜಿತ್ ರಾಯ್ ಮನೆಯವರಿಗೆ ಮಾಣಿಕ್. ಪುಟ್ಟ, ಗುಂಡ, ಚಿನ್ನು ಎಂದು ನಾವೂ ಕರೆಯುತ್ತೇವಾದರೂ ಅದು ಮಗು ದೊಡ್ಡದಾದಂತೆ ಬಹುಮಟ್ಟಿಗೆ ಉದುರಿಹೋಗುತ್ತದೆ; ಬಂಗಾಳದಲ್ಲಿ ಡಾಕ್ ನಾಮ್ ಸಾಯುವವರೆಗೂ ಬಿಡದು. ಈ ಇಬ್ಬಂದಿತನವನ್ನೇ ಹಿಡಿದು ಜುಂಪಾ ಲಾಹಿರಿ 2003ರಲ್ಲಿ ಒಂದು ಕಾದಂಬರಿ ಬರೆದರು. ಜುಂಪಾ ಎಂಬುದೂ ಡಾಕ್ ನಾಮ್. ಗಂಗೂಲಿ ಮನೆಯಲ್ಲಿ ಅಣ್ಣ ರಾಜ್, ತಮ್ಮ ಮಹಾರಾಜ್. ತಮ್ಮನಿಗೇ ದೊಡ್ಡ ಪದವಿ ಸಿಕ್ಕಿತು. ಈ ಮನೆಯ ಹೆಸರು ಆಮೇಲೆ ಪತ್ರಿಕೆಗಳ ಪಾಲಾಯಿತು. ಇಂಗ್ಲೆಂಡಿನ ಜೆಫ್ರಿ ಬಾಯ್ಕಾಟ್ ಅದಕ್ಕೆ ಇಂಗ್ಲಿಷಿನಲ್ಲಿ ರಾಜಕುಮಾರ ಎಂಬ ಬಿರುದನ್ನೂ ಸೇರಿಸಿದರು. ತಂಡದ ಕಿರಿಯರು ‘ದಾದಾ’ ಎಂದರು, ಬಂಗಾಳಿಯಲ್ಲಿ ಅಣ್ಣ ಎಂದರ್ಥ. ಕನ್ನಡದಲ್ಲಿ ದಾದಾ ಎಂದರೆ ಪೇಟೆಯ ರೌಡಿ. 2002ರ ಜುಲೈ 13ರಂದು ಲಾರ್ಡ್ಸ್ ಮೈದಾನದ ಮೊಗಸಾಲೆಯಲ್ಲಿ ಆತ ಗೆಲುವಿನ ಸಂಭ್ರಮದಲ್ಲಿ ಅಂಗಿ ಬಿಚ್ಚಿ ಬೀಸಿದಾಗ ಎರಡೂ ಅರ್ಥ ಒಟ್ಟಿಗೆ ಕೂಡಿಬಂದವು.

ಈ ಗಂಗೂಲಿ ಮನೆಯಿರುವ ಬೆಹಾಲಾ ಹೊಸ ಬಡಾವಣೆಯಲ್ಲ. ಡೈಮಂಡ್ ಹಾರ್ಬರ್ ರಸ್ತೆಯ ಉದ್ದಕ್ಕೂ ಹಬ್ಬಿರುವ ಈ ಪ್ರದೇಶದ ಬಡಿಶಾ ಭಾಗದಲ್ಲಿ ಸಾವರ್ಣ ರಾಯ್ ಚೌಧುರಿ ಜಮೀನ್ದಾರರ ಆಟ್ಚಾಲಾ ಮಂಟಪವಿದೆ. ಸುತಾನುಟಿ, ಕಲಿಕಾತಾ, ಗೋಬಿಂದಪುರ ಎಂಬ ಮೂರು ಹಳ್ಳಿಗಳ ಹಕ್ಕನ್ನು 1698ರ ನವೆಂಬರ್ 10ರಂದು ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಕೊಟ್ಟದ್ದು ಇಲ್ಲಿ, ಕೊಟ್ಟ ಹಣ 1,300 ರೂಪಾಯಿ. ಆ ಮೂರು ಹಳ್ಳಿಗಳಿಂದಲೇ ಕೊಲ್ಕತ್ತ ಬೆಳೆಯಿತು. ಈ ಮನೆತನದ ದುರ್ಗಾಪೂಜೆ 1610ರಿಂದ ನಡೆದುಬಂದಿದೆ ಎಂದು ಎಣಿಕೆ. ಕಂಪನಿಯ ಅಧಿಕಾರಿ ಜಾಬ್ ಚಾರ್ನಾಕನನ್ನು ಕೊಲ್ಕತ್ತದ ಸ್ಥಾಪಕ ಎನ್ನಬಾರದೆಂದು 2003ರಲ್ಲಿ ಕಲ್ಕತ್ತ ಉಚ್ಚ ನ್ಯಾಯಾಲಯ ಹೇಳಿದ್ದೂ ಈ ಕುಟುಂಬದವರು ಹೂಡಿದ್ದ ಮೊಕದ್ದಮೆಯಲ್ಲಿ. ಊರಿನ ಆಡಳಿತ ಬಹಳ ಕಾಲ ದಕ್ಷಿಣ ಉಪನಗರ ಪುರಸಭೆಯ ಕೈಯಲ್ಲಿತ್ತು. ಕೊಲ್ಕತ್ತ ಮಹಾನಗರದೊಳಗೆ ಸೇರಿದ್ದು 1980ರ ದಶಕದಲ್ಲಿ. ಬೆಹಾಲಾದ ಮೂಲಕ ಹಾದುಹೋಗುವ ಜೋಕಾದಿಂದ ತಾರಾತಲಾವರೆಗಿನ ಮೆಟ್ರೊ 2022ರ ಡಿಸೆಂಬರ್ 30ರಂದು ಉದ್ಘಾಟನೆಯಾಯಿತು.

ಇಲ್ಲಿನ ಬೀರೇನ್ ರಾಯ್ ರಸ್ತೆಯಲ್ಲಿ ಗಂಗೂಲಿಯವರ ಮನೆ. ಚಂಡೀದಾಸರದು ಮುದ್ರಣದ ವ್ಯಾಪಾರ, ಅನುಕೂಲವಂತ ಕುಟುಂಬ. ಊಟ, ಬರವಣಿಗೆ, ಬೌಲಿಂಗ್ ಎಲ್ಲಕ್ಕೂ ಬಲಗೈ ಬಳಸುವ ಕಿರಿಯ ಮಗ ಬ್ಯಾಟಿಂಗನ್ನು ಮಾತ್ರ ಎಡಗೈಯಲ್ಲಿ ಕಲಿತ. ಕಾರಣ ಸರಳ: ಅಣ್ಣ ಎಡಗೈ ಆಟಗಾರ, ಅವನ ಕೈಗವಸು, ಪ್ಯಾಡುಗಳೇ ತಮ್ಮನಿಗೂ. ಹೀಗೆ ಅಣ್ಣನ ಸಾಮಾನಿನಲ್ಲಿ ಕಲಿತವನು ಮುಂದೆ ಅಣ್ಣನ ಜಾಗವನ್ನೂ ಪಡೆದ. 1989-90ರ ರಣಜಿ ಟ್ರೋಫಿ ಫೈನಲ್‌ನಲ್ಲಿ ದೆಹಲಿಯ ವಿರುದ್ಧ ಸ್ನೇಹಾಶಿಷ್‌ರನ್ನು ಕೈಬಿಟ್ಟು ಸೌರವ್‌ಗೆ ಮೊದಲ ಅವಕಾಶ ಕೊಟ್ಟರು, 1938-39ರ ನಂತರ ಮೊದಲ ಬಾರಿಗೆ ಬಂಗಾಳ ಟ್ರೋಫಿ ಗೆದ್ದಿತು. ಅಣ್ಣತಮ್ಮಂದಿರ ಈ ಸರದಿ ಅಲ್ಲಿಗೆ ಮುಗಿಯಲಿಲ್ಲ. 2022ರಿಂದ ಬಂಗಾಳ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಸ್ನೇಹಾಶಿಷ್‌ರಿಂದ 2025ರ ಸೆಪ್ಟೆಂಬರ್‌ನಲ್ಲಿ ಆ ಕುರ್ಚಿಯನ್ನು ವಹಿಸಿಕೊಂಡವರೂ ಸೌರವ್.

ಕರ್ನಾಟಕದ ಜೊತೆ ಈ ಹೆಸರಿನ ನಂಟು ಗಾಢವಾದದ್ದು. 1992ರ ಜನವರಿಯಲ್ಲಿ ಬ್ರಿಸ್ಬೇನ್‌ನಲ್ಲಿ ಒಂದು ಏಕದಿನ ಪಂದ್ಯ ಆಡಿ 3 ರನ್ ಗಳಿಸಿ ಮರೆಯಾಗಿದ್ದ ಸೌರವ್, 1996ರ ಜೂನ್ 20ರಂದು ಶುರುವಾದ ಲಾರ್ಡ್ಸ್ ಟೆಸ್ಟಿನಲ್ಲಿ ಪದಾರ್ಪಣೆ ಮಾಡಿದರು. ಅದೇ ಪಂದ್ಯದಲ್ಲಿ ಬೆಂಗಳೂರಿನ ರಾಹುಲ್ ದ್ರಾವಿಡ್‌ರದೂ ಪದಾರ್ಪಣೆ. ಸೌರವ್ 131, ದ್ರಾವಿಡ್ 95. ಕುಂಬ್ಳೆ, ಶ್ರೀನಾಥ್, ವೆಂಕಟೇಶ್ ಪ್ರಸಾದ್ ಸೇರಿ ಅಂದಿನ ಹನ್ನೊಂದರಲ್ಲಿ ನಾಲ್ವರು ನಮ್ಮವರು. ಮೂರು ವರ್ಷದ ಮೇಲೆ ವಿಶ್ವಕಪ್‌ನಲ್ಲಿ ಟಾಂಟನ್‌ನಲ್ಲಿ ಶ್ರೀಲಂಕಾ ಎದುರು ಸೌರವ್ 183, ದ್ರಾವಿಡ್ 145. ಇಬ್ಬರೂ ಕೂಡಿಸಿದ 318 ರನ್ ಆಗ ಏಕದಿನ ಕ್ರಿಕೆಟ್ಟಿನ ಅತಿ ದೊಡ್ಡ ಜೊತೆಯಾಟ. 2000ದಲ್ಲಿ ನಾಯಕರಾದ ಸೌರವ್ 49 ಟೆಸ್ಟ್‌ಗಳಲ್ಲಿ ತಂಡವನ್ನು ನಡೆಸಿ 21ನ್ನು ಗೆದ್ದರು. ಟೆಸ್ಟ್ ಆಟಕ್ಕೆ ವಿದಾಯ ಹೇಳಿದ್ದ ಶ್ರೀನಾಥ್‌ರ ಮನವೊಲಿಸಿ 2003ರ ವಿಶ್ವಕಪ್‌ಗೆ ಕರೆದೊಯ್ದರು, ದ್ರಾವಿಡ್‌ಗೆ ವಿಕೆಟ್ ಕೀಪರ್ ಕೆಲಸ ಒಪ್ಪಿಸಿದರು. 2005ರಲ್ಲಿ ನಾಯಕತ್ವ ಕೈತಪ್ಪಿದಾಗ ಅದು ಹೋದದ್ದೂ ದ್ರಾವಿಡ್ ಕೈಗೆ.

ಸೌರವ್ ಬದುಕಿನ ದೊಡ್ಡ ಇನಿಂಗ್ಸ್ ಕೊಲ್ಕತ್ತದ ಈಡನ್ ಗಾರ್ಡನ್ಸ್‌ನದಲ್ಲ, ಬೆಂಗಳೂರಿನದು. 2007ರ ಡಿಸೆಂಬರ್‌ನಲ್ಲಿ ಪಾಕಿಸ್ತಾನದ ವಿರುದ್ಧ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ 61ಕ್ಕೆ 4 ವಿಕೆಟ್ ಕಳೆದುಕೊಂಡು ಕಂಗಾಲಾಗಿತ್ತು; ನಾಯಕ ಅನಿಲ್ ಕುಂಬ್ಳೆ. ಸೌರವ್ ಮತ್ತು ಯುವರಾಜ್ ಸಿಂಗ್ ಐದನೆಯ ವಿಕೆಟ್‌ಗೆ 300 ರನ್ ಸೇರಿಸಿದರು. ಯುವರಾಜ್ 169, ಸೌರವ್ 239. ಟೆಸ್ಟಿನಲ್ಲಿ ಅವರ ಏಕೈಕ ದ್ವಿಶತಕ ಅದು. ಅದಾದ ನಾಲ್ಕು ತಿಂಗಳಿಗೆ, 2008ರ ಏಪ್ರಿಲ್ 18ರಂದು, ಐಪಿಎಲ್‌ನ ಮೊಟ್ಟಮೊದಲ ಪಂದ್ಯವೂ ಅದೇ ಅಂಗಳದಲ್ಲಿ. ಕೊಲ್ಕತ್ತ ತಂಡಕ್ಕೆ ಸೌರವ್, ಬೆಂಗಳೂರಿಗೆ ದ್ರಾವಿಡ್ ನಾಯಕರು. ಬೆಂಗಳೂರು 82ಕ್ಕೆ ಸರ್ವಪತನ. 140 ರನ್ನುಗಳ ಆ ಸೋಲನ್ನು ಇಲ್ಲಿಯ ಅಭಿಮಾನಿಗಳು ನೆನೆಸಿಕೊಳ್ಳಲು ಇಷ್ಟಪಡುವುದಿಲ್ಲ. ಆ ವರ್ಷದ ನವೆಂಬರ್‌ನಲ್ಲಿ ದೆಹಲಿಯಲ್ಲಿ ಕುಂಬ್ಳೆ, ಮುಂದಿನ ಪಂದ್ಯದಲ್ಲಿ ನಾಗಪುರದಲ್ಲಿ ಸೌರವ್ ನಿವೃತ್ತರಾದರು. 113 ಟೆಸ್ಟ್‌ಗಳಲ್ಲಿ 7,212, 311 ಏಕದಿನ ಪಂದ್ಯಗಳಲ್ಲಿ 11,363 ರನ್ ಅವರ ಲೆಕ್ಕ. 2019ರ ಅಕ್ಟೋಬರ್‌ನಲ್ಲಿ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯ ಅಧ್ಯಕ್ಷರಾದರು. ದ್ರಾವಿಡ್ ರಾಷ್ಟ್ರೀಯ ತಂಡದ ಕೋಚ್ ಆದದ್ದು ಆ ಅವಧಿಯಲ್ಲಿ. 2022ರಲ್ಲಿ ಮಂಡಳಿಯ ಅಧ್ಯಕ್ಷ ಹುದ್ದೆಗೆ ಬಂದವರು ಬೆಂಗಳೂರಿನ ರೋಜರ್ ಬಿನ್ನಿ.

ಕೊಲ್ಕತ್ತಕ್ಕೆ ಇನ್ನೂ ಇಬ್ಬರು ಸೌರವ್‌ಗಳಿದ್ದಾರೆ. ಸ್ಕ್ವಾಷ್ ಆಟಗಾರ ಸೌರವ್ ಘೋಷಾಲ್ (ಜನನ 1986) ವಿಶ್ವದ ಮೊದಲ ಹತ್ತರೊಳಗೆ ಬಂದ ಮೊದಲ ಭಾರತೀಯ ಪುರುಷ. 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಸ್ಕ್ವಾಷ್ ಸಿಂಗಲ್ಸ್‌ನಲ್ಲಿ ಭಾರತಕ್ಕೆ ಮೊದಲ ಪದಕವಾಗಿ ಕಂಚು ತಂದರು. ಕ್ರಿಕೆಟ್ಟಿನ ಗದ್ದಲದಲ್ಲಿ ಇವರಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲ. ಬಿಲಿಯರ್ಡ್ಸ್‌ನಲ್ಲಿ ಸೌರವ್ ಕೋಠಾರಿ, ಹಿಂದಿನ ವಿಶ್ವ ಚಾಂಪಿಯನ್ ಮನೋಜ್ ಕೋಠಾರಿಯವರ ಮಗ, 2018ರಲ್ಲಿ ವಿಶ್ವ ಪ್ರಶಸ್ತಿ ಗೆದ್ದರು. 2025ರಲ್ಲಿ ಐರ್ಲೆಂಡಿನಲ್ಲಿ ಮತ್ತೆ ಗೆದ್ದಾಗ ಫೈನಲ್‌ನಲ್ಲಿ ಸೋತವರು ಬೆಂಗಳೂರಿನ ಪಂಕಜ್ ಅಡ್ವಾಣಿ.

ಭಕಾರದ ಸೌರಭರಲ್ಲಿ ಮೊದಲು ಹೇಳಬೇಕಾದವರು 1999ರ ಕಾರ್ಗಿಲ್ ಸಂಘರ್ಷದ ಆರಂಭದಲ್ಲೇ ಶತ್ರುಗಳ ಕೈಗೆ ಸಿಕ್ಕಿ ಪ್ರಾಣ ಕಳೆದುಕೊಂಡ ಕ್ಯಾಪ್ಟನ್ ಸೌರಭ್ ಕಾಲಿಯಾ. ಹಿಮಾಚಲದ ಪಾಲಂಪುರದಲ್ಲಿ ಅವರ ಹೆಸರಿನ ವನವಿದೆ. ನಟ ಸೌರಭ್ ಶುಕ್ಲಾ 1998ರ ‘ಸತ್ಯ’ ಚಿತ್ರದ ಕಲ್ಲೂ ಮಾಮಾ ಪಾತ್ರದಿಂದ ಹೆಸರಾದರು. ಮೀರತ್ ಜಿಲ್ಲೆಯ ಕಲೀನಾ ಹಳ್ಳಿಯ ಸೌರಭ್ ಚೌಧರಿ 2018ರ ಏಷ್ಯನ್ ಕ್ರೀಡಾಕೂಟದ 10 ಮೀಟರ್ ಏರ್ ಪಿಸ್ತೂಲಿನಲ್ಲಿ 16ನೆಯ ವಯಸ್ಸಿಗೇ ಚಿನ್ನ ಗೆದ್ದ. ಮುಂಬಯಿಯಲ್ಲಿ ಹುಟ್ಟಿದ ಎಂಜಿನಿಯರ್ ಸೌರಭ್ ನೇತ್ರಾವಳ್ಕರ್ 2010ರ ಕಿರಿಯರ ವಿಶ್ವಕಪ್‌ನಲ್ಲಿ ಭಾರತಕ್ಕಾಗಿ, ನಮ್ಮ ಕೆ.ಎಲ್. ರಾಹುಲ್, ಮಯಾಂಕ್ ಅಗರ್ವಾಲ್ ಇದ್ದ ತಂಡದಲ್ಲಿ ಆಡಿದವರು. 2024ರ ಟಿ20 ವಿಶ್ವಕಪ್‌ನಲ್ಲಿ ಅಮೆರಿಕದ ಪರವಾಗಿ ಸೂಪರ್ ಓವರ್ ಎಸೆದು ಪಾಕಿಸ್ತಾನವನ್ನು ಸೋಲಿಸಿದರು.

ಈ ಹೆಸರಿನವರ ಬಗ್ಗೆ ಕನ್ನಡ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಹುಡುಕುವವರು ಸೌರವ್, ಸೌರಭ್, ಸೌರಭ ಎಂಬ ಮೂರು ರೂಪಗಳಲ್ಲೂ, ಮನೆತನದ ಹೆಸರನ್ನು ಗಂಗೂಲಿ, ಗಂಗುಲಿ, ಗಂಗೋಪಾಧ್ಯಾಯ ಎಂದು ಬದಲಿಸಿಯೂ ನೋಡಬೇಕು.