ಸಗಣಿ ನೀರಿನಿಂದ ಬಲ್ಬ್ ಉರಿಯುತ್ತದೆಯೇ? ಮೊದಲು ತಗಡು ಯಾವುದೆಂದು ನೋಡಿ

ಬಕೆಟ್‌ನಲ್ಲಿ ಸಗಣಿ ನೀರು, ಅದರಲ್ಲಿ ಎರಡು ತಗಡು, ವೈರಿನ ತುದಿಯಲ್ಲಿ ಉರಿಯುವ ಎಲ್‌ಇಡಿ. 'ಬ್ಯಾಕ್ಟೀರಿಯಾದಿಂದ ಉಚಿತ ಕರೆಂಟ್' ಎನ್ನುವ ಇಂಥ ವಿಡಿಯೋ ನಿಮಗೂ ಬಂದಿರಬಹುದು. ಲಿಂಗನಮಕ್ಕಿ ಪಕ್ಕದಲ್ಲೇ ಇದ್ದರೂ ಮಳೆಗಾಲದಲ್ಲಿ ಕರೆಂಟಿಗೆ ಕಾಯುವ ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಕೊಟ್ಟಿಗೆ ಇರುವ ಮನೆಗಳಲ್ಲಿ ಇದು ಆಸೆ ಹುಟ್ಟಿಸುವುದು ಸಹಜ.

ಇದರ ಹಿಂದಿನ ವಿಜ್ಞಾನ ಸುಳ್ಳಲ್ಲ. ಸೂಕ್ಷ್ಮಜೀವಿಗಳಿಂದ ವಿದ್ಯುತ್ ಪಡೆಯಬಹುದೆಂದು ಇಂಗ್ಲೆಂಡಿನ ಎಂ.ಸಿ. ಪಾಟರ್ 1911ರಲ್ಲೇ ತೋರಿಸಿದ್ದರು. ಜಿಯೋಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾಗಳು ಕೊಳಚೆಯಲ್ಲಿನ ಸಾವಯವ ಅಂಶವನ್ನು ತಿಂದು, ತಾವು ಅಂಟಿಕೊಂಡ ಎಲೆಕ್ಟ್ರೋಡಿಗೆ ಎಲೆಕ್ಟ್ರಾನ್‌ಗಳನ್ನು ದಾಟಿಸುತ್ತವೆ. ಅವು ವೈರಿನ ಮೂಲಕ ಇನ್ನೊಂದು ಎಲೆಕ್ಟ್ರೋಡಿಗೆ ಹೋಗಿ ಗಾಳಿಯ ಆಮ್ಲಜನಕವನ್ನು ಸೇರುತ್ತವೆ. ಇದೇ ಮೈಕ್ರೋಬಿಯಲ್ ಫ್ಯೂಯಲ್ ಸೆಲ್. ಜೊತೆಗೆ ಕೊಳಚೆ ನೀರೂ ಒಂದಷ್ಟು ಶುದ್ಧವಾಗುತ್ತದೆ.

ವಿಡಿಯೋದಲ್ಲಿ ಎಡವಟ್ಟು ಇರುವುದು ತಗಡಿನಲ್ಲಿ. ಒಂದು ತಾಮ್ರ, ಇನ್ನೊಂದು ಸತುವಾಗಿದ್ದರೆ ಅದು ಶಾಲೆಯಲ್ಲಿ ಮಾಡುವ ನಿಂಬೆಹಣ್ಣಿನ ಬ್ಯಾಟರಿಯೇ. ಸತು ಕರಗುತ್ತಾ ಕರೆಂಟ್ ಕೊಡುತ್ತದೆ. ಸಗಣಿಯ ಬದಲು ಉಪ್ಪುನೀರು ಸುರಿದರೂ ಅದು ಕೆಲಸ ಮಾಡುತ್ತದೆ, ಸತು ಸವೆದಾಗ ನಿಲ್ಲುತ್ತದೆ. ತಾಮ್ರವಂತೂ ಬ್ಯಾಕ್ಟೀರಿಯಾಗಳಿಗೆ ವಿಷ.

ನಿಜವಾದ ಸೆಲ್‌ಗೆ ಕರಗದ ಇಂಗಾಲ ಬೇಕು: ಕಾರ್ಬನ್ ಫೆಲ್ಟ್ ಅಥವಾ ಬಾಟಲಿ ತೊಳೆಯುವ ಬ್ರಷ್‌ನಂತೆ ಕಾಣುವ ಗ್ರಾಫೈಟ್ ಎಳೆಗಳ ಬ್ರಷ್. ಎಳೆ ಹೆಚ್ಚಿದಷ್ಟೂ ಬ್ಯಾಕ್ಟೀರಿಯಾ ಕೂರಲು ಜಾಗ ಹೆಚ್ಚು. ಆದರೆ ಸಂದುಗಳು ತೀರಾ ಕಿರಿದಾದರೆ ಗಸಿ ಕಟ್ಟಿಕೊಳ್ಳುತ್ತದೆ. ಗಾಳಿ ತಾಗುವ ಕಡೆ ಮೊದಲು ಪ್ಲಾಟಿನಂ ಲೇಪಿಸುತ್ತಿದ್ದರು. ದುಬಾರಿಯಾದ್ದರಿಂದ ಈಗ ಆ್ಯಕ್ಟಿವೇಟೆಡ್ ಕಾರ್ಬನ್ ಬಳಕೆ ಹೆಚ್ಚುತ್ತಿದೆ. ಎರಡು ಎಲೆಕ್ಟ್ರೋಡುಗಳು ದೂರವಾದರೆ ನೀರಿನ ಅಡ್ಡಿಯಲ್ಲೇ ಶಕ್ತಿ ಸೋರುತ್ತದೆ. ತೀರಾ ಹತ್ತಿರವಿಟ್ಟರೆ ಆಮ್ಲಜನಕ ನುಗ್ಗಿ, ಅದಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳಿಗೆ ತೊಂದರೆ.

ಇಷ್ಟೆಲ್ಲ ಮಾಡಿದರೂ ಒಂದು ಸೆಲ್ ಕೊಡುವುದು ಸುಮಾರು ಅರ್ಧ ವೋಲ್ಟ್. ಕೆಂಪು ಎಲ್‌ಇಡಿಗೇ 1.8 ವೋಲ್ಟ್ ಆಸುಪಾಸು ಬೇಕು. ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ, ದುರ್ಬಲವಾದೊಂದು ಉಲ್ಟಾ ತಿರುಗಿ ಉಳಿದವುಗಳ ಶಕ್ತಿಯನ್ನು ತಿನ್ನುವುದೂ ಉಂಟು. 2015ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಮೂತ್ರದಿಂದ ಶೌಚಾಲಯದ ದೀಪ ಬೆಳಗಿಸಿದ್ದು ನಿಜ; ಅದಕ್ಕೆ ಬೇಕಾದದ್ದು ಸೆಲ್‌ಗಳ ದೊಡ್ಡ ಗುಂಪೇ. ಮಿಕ್ಸಿ, ಪಂಪ್‌ಸೆಟ್ಟಿನ ಮಾತು ಬಿಡಿ.

ಇಂಥ ಕಿಟ್ ಮಾರಲು ಯಾರಾದರೂ ಬಂದರೆ ಎರಡೂ ಕಡೆ ಇಂಗಾಲ ಹಾಕಿ ತೋರಿಸಲು ಹೇಳಿ. ಬ್ಯಾಕ್ಟೀರಿಯಾ ಪದರ ಬೆಳೆಯಲು ದಿನಗಳೇ ಬೇಕು. ಮುಳುಗಿಸಿದ ಕೂಡಲೇ ದೀಪ ಉರಿದರೆ ಕರಗುತ್ತಿರುವುದು ಲೋಹ. ಕೊಟ್ಟಿಗೆಯ ಸಗಣಿಗೆ ಸದ್ಯಕ್ಕೆ ಗೋಬರ್ ಗ್ಯಾಸೇ ಲಾಭ. ಒಲೆಯೂ ಉರಿಯುತ್ತದೆ, ಮಿಕ್ಕ ಬಗ್ಗಡ ಅಡಿಕೆ ತೋಟಕ್ಕಾಗುತ್ತದೆ.