ಮಬ್ಬುಬೆಳಕಿನ ಹಕ್ಕಿಗೆ ಎಂಥ ಮಸೂರ? – ಟೆಲಿಫೋಟೊ ಲೆನ್ಸ್ ನಡೆದುಬಂದ ದಾರಿ

ಹಕ್ಕಿಗಳು ಹೆಚ್ಚು ಚುರುಕಾಗಿರುವುದು ಬೆಳಗಿನ ಮೊದಲ ಒಂದೆರಡು ಗಂಟೆಗಳಲ್ಲಿ ಮತ್ತು ಸಂಜೆ ಹೊತ್ತು ಮುಳುಗುವ ಮುನ್ನ. ಆ ವೇಳೆಯಲ್ಲಿ ಬೆಳಕು ಕಡಿಮೆ. ಮಲೆನಾಡಿನ ದಟ್ಟ ಕಾಡಿನಲ್ಲಾದರೆ ನಡುಹಗಲಿನಲ್ಲೂ ಮರಗಳ ಕೆಳಗೆ ಮಬ್ಬು. ಹಕ್ಕಿಯೋ ಚಿಕ್ಕದು, ದೂರದಲ್ಲಿರುತ್ತದೆ, ಒಂದು ಕಡೆ ನಿಲ್ಲುವುದಿಲ್ಲ. ಶಾಲಾ ಕಾಲೇಜುಗಳ ಪರಿಸರ ಸಂಘಗಳಲ್ಲಿ ಪಕ್ಷಿವೀಕ್ಷಣೆಗೆ ತೊಡಗಿದವರು ಕೆಲದಿನಗಳಲ್ಲೇ ಕೇಳುವ ಪ್ರಶ್ನೆ, 'ಹಕ್ಕಿ ಚಿತ್ರಕ್ಕೆ ಯಾವ ಲೆನ್ಸ್ ಒಳ್ಳೆಯದು?' ಎಂಬುದು. ಅಂಗಡಿಯವರು ಇದಕ್ಕೆ ಬೆಲೆಯ ಪಟ್ಟಿಯಿಂದ ಉತ್ತರಿಸುತ್ತಾರೆ. ಚರಿತ್ರೆಯಿಂದಲೂ ಉತ್ತರ ಹುಡುಕಬಹುದು. ಸುಮಾರು 130 ವರ್ಷಗಳಿಂದ ಛಾಯಾಗ್ರಾಹಕರು ಇದೇ ತೊಡಕನ್ನು ಎದುರಿಸುತ್ತ ಬಂದಿದ್ದಾರೆ. ಅವರು ಕಂಡುಕೊಂಡ ಪರಿಹಾರಗಳನ್ನು ತಿಳಿದರೆ ನಮ್ಮ ಆಯ್ಕೆ ಸುಲಭವಾಗುತ್ತದೆ.

ಎರಡು ಮಸೂರಗಳ ಜೋಡಿ

ಮೊದಲು ಒಂದು ಸಣ್ಣ ಲೆಕ್ಕ. ಮಿಂಚುಳ್ಳಿಯ ಉದ್ದ ಸುಮಾರು 16 ಸೆಂ.ಮೀ. ಅದು 10 ಮೀಟರ್ ದೂರದಲ್ಲಿ ಕುಳಿತಿದೆ ಎನ್ನಿ. 50 ಮಿ.ಮೀ. ಸಂಗಮ ದೂರದ ಸಾಮಾನ್ಯ ಲೆನ್ಸ್ ಮೂಡಿಸುವ ಅದರ ಪ್ರತಿಬಿಂಬ ಕೇವಲ 0.8 ಮಿ.ಮೀ. 500 ಮಿ.ಮೀ. ಲೆನ್ಸ್ ಬಳಸಿದರೆ 8 ಮಿ.ಮೀ. ಪ್ರತಿಬಿಂಬದ ಗಾತ್ರ ಸಂಗಮ ದೂರಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಆದರೆ ಒಂಟಿ ಪೀನ ಮಸೂರದಿಂದ ಇದನ್ನು ಸಾಧಿಸಬೇಕಾದರೆ ಕ್ಯಾಮೆರಾದ ಉದ್ದವೂ ಅಷ್ಟೇ ಬೆಳೆಯಬೇಕು.

ಈ ತೊಡಕಿಗೆ ಪರಿಹಾರದ ಸುಳಿವು ಹಳೆಯದು. ಪೀನ ಮಸೂರದ ಹಿಂದೆ ಒಂದು ನಿಮ್ನ ಮಸೂರ ಇಟ್ಟರೆ ಪ್ರತಿಬಿಂಬ ದೊಡ್ಡದಾಗುತ್ತದೆ ಎಂಬುದನ್ನು ಯೊಹಾನೆಸ್ ಕೆಪ್ಲರ್ 1611ರ ತನ್ನ 'ಡಯಾಪ್ಟ್ರಿಸ್' ಗ್ರಂಥದಲ್ಲಿ ವಿವರಿಸಿದ್ದ. ಇಂಗ್ಲೆಂಡಿನ ಪೀಟರ್ ಬಾರ್ಲೊ 1834ರಲ್ಲಿ ಇದನ್ನು ದೂರದರ್ಶಕಕ್ಕೆ ಅಳವಡಿಸಿದ. ಇಂದಿಗೂ ಹವ್ಯಾಸಿ ಖಗೋಳ ವೀಕ್ಷಕರು 'ಬಾರ್ಲೊ ಲೆನ್ಸ್' ಬಳಸುತ್ತಾರೆ. 1891ರಲ್ಲಿ ಲಂಡನ್ನಿನ ಥಾಮಸ್ ರುಡಾಲ್ಫಸ್ ಡಾಲ್‌ಮೇಯರ್, ಜರ್ಮನಿಯ ಅಡಾಲ್ಫ್ ಮೀಥೆ ಮತ್ತು ಅಡಾಲ್ಫ್ ಸ್ಟೈನ್‌ಹೈಲ್ ಪ್ರತ್ಯೇಕವಾಗಿ ಕೆಲಸ ಮಾಡಿ ಇದೇ ತತ್ತ್ವವನ್ನು ಕ್ಯಾಮೆರಾಕ್ಕೆ ತಂದರು. ತನ್ನ ಸಂಗಮ ದೂರಕ್ಕಿಂತ ಗಿಡ್ಡವಾಗಿರುವ ಈ ಲೆನ್ಸಿಗೆ 'ಟೆಲಿಫೋಟೊ' ಎಂಬ ಹೆಸರು ನಿಂತಿತು. ಡಾಲ್‌ಮೇಯರ್ 1899ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದ.

ಆದರೆ ಇದು ಪುಕ್ಕಟೆ ಲಾಭವಲ್ಲ. ಪ್ರತಿಬಿಂಬವನ್ನು ಎರಡು ಪಟ್ಟು ಹಿಗ್ಗಿಸಿದರೆ ಅಷ್ಟೇ ಬೆಳಕು ನಾಲ್ಕು ಪಟ್ಟು ವಿಸ್ತೀರ್ಣದಲ್ಲಿ ಹಂಚಿಹೋಗುತ್ತದೆ. ಆಗಿನ ಗಾಜಿನ ತಟ್ಟೆಗಳ ಸಂವೇದನೆಯೂ ಕಡಿಮೆ. ದೂರದ ಬೆಟ್ಟ, ಕಟ್ಟಡಗಳಿಗೆ ಟೆಲಿಫೋಟೊ ಸೊಗಸಾಗಿ ಒದಗಿತು. ಆದರೆ ನೆರಳಿನಲ್ಲಿ ಚಲಿಸುವ ಹಕ್ಕಿಗೆ ಅದು ಸಾಲದಾಯಿತು.

ಗೂಡಿನ ಹತ್ತಿರಕ್ಕೆ

ಹಾಗಾದರೆ ಅಂದಿನವರು ಹಕ್ಕಿಗಳ ಚಿತ್ರವನ್ನು ಹೇಗೆ ತೆಗೆದರು? ಹತ್ತಿರ ಹೋಗಿ! ಹಕ್ಕಿಯಿಂದ ಲೆನ್ಸನ್ನು ತಲುಪುವ ಬೆಳಕು ದೂರದ ವರ್ಗಕ್ಕೆ ವಿಲೋಮವಾಗಿರುತ್ತದೆ. ದೂರವನ್ನು ಅರ್ಧ ಮಾಡಿದರೆ ಲೆನ್ಸಿಗೆ ಸಿಗುವ ಹಕ್ಕಿಯ ಬೆಳಕು ನಾಲ್ಕು ಪಟ್ಟು. ಹಕ್ಕಿ ಮತ್ತೆ ಮತ್ತೆ ಬಂದು ಕೂರುವುದು ಖಚಿತವಾಗಿರುವ ಜಾಗವೆಂದರೆ ಗೂಡು. ಆದ್ದರಿಂದ ಪಕ್ಷಿ ಛಾಯಾಗ್ರಹಣದ ಮೊದಲ ದಶಕಗಳ ಚರಿತ್ರೆ ಬಹುಮಟ್ಟಿಗೆ ಗೂಡುಗಳ ಚರಿತ್ರೆಯೇ ಆಗಿದೆ.

ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕೀರ್ಟನ್ ಸಹೋದರರು 1892ರಲ್ಲಿ ಗೂಡಿನ ಚಿತ್ರಗಳಿಂದ ಈ ಕೆಲಸ ಆರಂಭಿಸಿದರು. ಛಾಯಾಚಿತ್ರಗಳಿಂದ ಕೂಡಿದ ಅವರ 'ಬ್ರಿಟಿಷ್ ಬರ್ಡ್ಸ್ ನೆಸ್ಟ್ಸ್' ಪುಸ್ತಕ 1895ರಲ್ಲಿ ಪ್ರಕಟವಾಯಿತು. ಹಕ್ಕಿ ಹೆದರದಂತೆ ಸಮೀಪಿಸಲು ಅವರು ಟೊಳ್ಳಾದ ಕೃತಕ ಎತ್ತೊಂದನ್ನು ಮಾಡಿಸಿ, ಅದರೊಳಗೆ ಕ್ಯಾಮೆರಾ ಸಮೇತ ಅಡಗಿ ಕೂರುತ್ತಿದ್ದರು. ಭಾರತದಲ್ಲಿ ಇ.ಎಚ್.ಎನ್. ಲೌಥರ್ ಮರೆಗಳಲ್ಲಿ ಕುಳಿತು ತೆಗೆದ ಚಿತ್ರಗಳ 'ಎ ಬರ್ಡ್ ಫೋಟೋಗ್ರಾಫರ್ ಇನ್ ಇಂಡಿಯಾ' 1949ರಲ್ಲಿ ಹೊರಬಂತು.

ಕತ್ತಲಿಗೆ ಇನ್ನೊಂದು ಪರಿಹಾರ, ಬೆಳಕನ್ನು ನಾವೇ ಒಯ್ಯುವುದು. ಅಮೆರಿಕದ ಜಾರ್ಜ್ ಶೈರಾಸ್ ಫ್ಲಾಷ್ ಪುಡಿ ಸಿಡಿಸಿ ರಾತ್ರಿಯಲ್ಲಿ ತೆಗೆದ ವನ್ಯಜೀವಿಗಳ ಚಿತ್ರಗಳನ್ನು 'ನ್ಯಾಷನಲ್ ಜಿಯಾಗ್ರಫಿಕ್' ಪತ್ರಿಕೆ ಜುಲೈ 1906ರಲ್ಲಿ ಪ್ರಕಟಿಸಿತು. ಹೊಗೆ, ಸದ್ದು, ಬೆಂಕಿಯ ಭಯವಿದ್ದ ಈ ಪುಡಿಯ ಬದಲಿಗೆ ಮುಂದೆ ಫ್ಲಾಷ್ ಬಲ್ಬು ಬಂತು, ಆಮೇಲೆ ಎಲೆಕ್ಟ್ರಾನಿಕ್ ಫ್ಲಾಷ್ ಬಂತು. ಇಂಗ್ಲೆಂಡಿನ ಎರಿಕ್ ಹಾಸ್ಕಿಂಗ್ ಇದನ್ನು ಹಕ್ಕಿಗಳಿಗೆ ಬಳಸಿದ ಮೊದಲಿಗರಲ್ಲಿ ಒಬ್ಬ. ಅದಕ್ಕೂ ಮುಂಚೆ, 1937ರಲ್ಲಿ, ಗೂಡಿನ ಬಳಿಯ ಮರೆಗೆ ಏರುತ್ತಿದ್ದಾಗ ಗೂಬೆಯೊಂದು ಎರಗಿ ಅವನ ಎಡಗಣ್ಣು ಹೋಯಿತು. ಮರಿಗಳನ್ನು ಕಾಯುವ ಹಕ್ಕಿಗೆ ಹತ್ತಿರ ಬಂದ ಮನುಷ್ಯ ಶತ್ರುವೇ.

ಎಫ್ ಸಂಖ್ಯೆ ಹೇಳುವುದೇನು?

ದೂರದಿಂದಲೇ ಚಿತ್ರ ತೆಗೆಯಬೇಕಾದರೆ ಲೆನ್ಸಿನ ಬಾಯಿ ಅಗಲವಾಗಬೇಕು. ಸಂಗಮ ದೂರವನ್ನು ಲೆನ್ಸಿನ ರಂಧ್ರದ ವ್ಯಾಸದಿಂದ ಭಾಗಿಸಿದರೆ ಬರುವುದೇ ಎಫ್ ಸಂಖ್ಯೆ. ಲೆನ್ಸಿನ ಮೇಲೆ 600 ಮಿ.ಮೀ. ಎಫ್/4 ಎಂದಿದ್ದರೆ ರಂಧ್ರದ ವ್ಯಾಸ 150 ಮಿ.ಮೀ. 300 ಮಿ.ಮೀ. ಎಫ್/2.8 ಲೆನ್ಸಿಗೆ 107 ಮಿ.ಮೀ. 400 ಮಿ.ಮೀ. ಎಫ್/5.6 ಲೆನ್ಸಿಗೆ ಸುಮಾರು 71 ಮಿ.ಮೀ. ಒಂದೇ ಜಾಗದಲ್ಲಿ ಕುಳಿತ ಹಕ್ಕಿಯಿಂದ ಮೊದಲನೆಯದು ಮೂರನೆಯದಕ್ಕಿಂತ ನಾಲ್ಕು ಪಟ್ಟಿಗೂ ಮಿಗಿಲಾದ ಬೆಳಕನ್ನು ಹಿಡಿಯುತ್ತದೆ. 300 ಮಿ.ಮೀ. ಎಫ್/2.8 ಲೆನ್ಸಿಗೆ ಎರಡು ಪಟ್ಟಿನ ಪರಿವರ್ತಕ ಸೇರಿಸಿದರೆ ಅದು 600 ಮಿ.ಮೀ. ಎಫ್/5.6 ಆಗುತ್ತದೆ. ವ್ಯಾಸ ಮಾತ್ರ ಅದೇ 107 ಮಿ.ಮೀ. ಹಕ್ಕಿ ಹಿಗ್ಗಿತು, ಬೆಳಕು ಹೆಚ್ಚಲಿಲ್ಲ!

ಹೆಚ್ಚಿನ ಬೆಳಕಿನಿಂದ ಸಿಗುವ ಲಾಭ ಸಮಯದ್ದು. ಪ್ರಖರ ಬಿಸಿಲಿನಲ್ಲಿ, ಐ.ಎಸ್.ಓ. 100 ಇದ್ದಾಗ, ಎಫ್/5.6 ಲೆನ್ಸಿಗೆ ಸುಮಾರು 1/800 ಸೆಕೆಂಡು ಸಾಕು. ಕಾಡಿನ ಮುಂಜಾವಿನಲ್ಲಿ ಬೆಳಕು ಇದರ 128ನೇ ಒಂದು ಭಾಗವಿದೆ ಎಂದಿಟ್ಟುಕೊಳ್ಳಿ. ಆಗ ಅದೇ ಲೆನ್ಸಿಗೆ ಸುಮಾರು 1/6 ಸೆಕೆಂಡು ಬೇಕು. ಎಫ್/2.8 ಆದರೆ 1/25 ಸೆಕೆಂಡು. ಹತ್ತು ಮೀಟರ್ ದೂರದ ಹಕ್ಕಿ ಸೆಕೆಂಡಿಗೆ 10 ಸೆಂ.ಮೀ. ವೇಗದಲ್ಲಿ ತಲೆ ಆಡಿಸಿದರೂ ಸಾಕು, 500 ಮಿ.ಮೀ. ಲೆನ್ಸಿನ ಪ್ರತಿಬಿಂಬ 1/6 ಸೆಕೆಂಡಿನಲ್ಲಿ 0.8 ಮಿ.ಮೀ. ಸರಿದಿರುತ್ತದೆ. 8 ಮಿ.ಮೀ. ಹಕ್ಕಿಯ ಚಿತ್ರದಲ್ಲಿ ಇದು ಹತ್ತನೇ ಒಂದು ಭಾಗ. ಕಣ್ಣು, ಗರಿ ಎಲ್ಲವೂ ಕಲಸಿಹೋಗುತ್ತವೆ.

ಗಾಜು ಸೋತಲ್ಲಿ ಹರಳು

ಬಾಯಿ ಅಗಲ ಮಾಡುವುದಕ್ಕೆ ಅಡ್ಡಿಯಾದದ್ದು ಗಾಜಿನ ಗುಣ. ಗಾಜು ನೀಲಿಯನ್ನು ಕೆಂಪಿಗಿಂತ ಹೆಚ್ಚು ಬಾಗಿಸುತ್ತದೆ. ಕ್ರೌನ್ ಗಾಜಿನ ಒಂಟಿ ಮಸೂರದಲ್ಲಿ ನೀಲಿ ಮತ್ತು ಕೆಂಪು ಬೆಳಕಿನ ಸಂಗಮಗಳ ನಡುವಿನ ಅಂತರ, ಸಂಗಮ ದೂರದ ಸುಮಾರು 60ನೇ ಒಂದು ಭಾಗ. 50 ಮಿ.ಮೀ. ಮಸೂರದಲ್ಲಿ ಇದು 1 ಮಿ.ಮೀ.ಗೂ ಕಡಿಮೆ. 600 ಮಿ.ಮೀ. ಆದಾಗ ಸುಮಾರು 10 ಮಿ.ಮೀ.! ಕ್ರೌನ್ ಮತ್ತು ಫ್ಲಿಂಟ್ ಗಾಜುಗಳನ್ನು ಜೋಡಿಸಿ ಇದನ್ನು ಬಹುಮಟ್ಟಿಗೆ ಸರಿಪಡಿಸಬಹುದು. ಆದರೂ ಸ್ವಲ್ಪ ದೋಷ ಉಳಿಯುತ್ತದೆ. ಸಂಗಮ ದೂರ ಮತ್ತು ವ್ಯಾಸ ಎರಡೂ ಹೆಚ್ಚಾದಾಗ ಗರಿಯ ಅಂಚಿನಲ್ಲಿ ನೇರಳೆ ಬಣ್ಣದ ಸೆರಗಾಗಿ ಅದು ಕಾಣಿಸಿಕೊಳ್ಳುತ್ತದೆ.

ಬಣ್ಣಗಳನ್ನು ಬಲು ಕಡಿಮೆ ಚದುರಿಸುವ ವಸ್ತು ಫ್ಲೋರೈಟ್, ಅಂದರೆ ಕ್ಯಾಲ್ಸಿಯಂ ಫ್ಲೋರೈಡಿನ ಹರಳು. ಜರ್ಮನಿಯ ಅರ್ನ್ಸ್ಟ್ ಅಬ್ಬೆ 1880ರ ದಶಕದಲ್ಲೇ ಇದನ್ನು ಸೂಕ್ಷ್ಮದರ್ಶಕಗಳಲ್ಲಿ ಬಳಸಿದ್ದ. ಆದರೆ ನಿಸರ್ಗದಲ್ಲಿ ದೋಷವಿಲ್ಲದ ದೊಡ್ಡ ಹರಳುಗಳು ಸಿಗುವುದು ಅಪರೂಪ. ಸೂಕ್ಷ್ಮದರ್ಶಕದ ಪುಟ್ಟ ಮಸೂರಕ್ಕೆ ಸಾಕಾಗುವ ಹರಳು ಟೆಲಿಫೋಟೊಗೆ ಸಾಲದು. ಜಪಾನಿನ ಕ್ಯಾನನ್ ಸಂಸ್ಥೆ ಕೃತಕವಾಗಿ ಬೆಳೆಸಿದ ಫ್ಲೋರೈಟ್ ಹರಳನ್ನು ಬಳಸಿ 1969ರಲ್ಲಿ 300 ಮಿ.ಮೀ. ಎಫ್/5.6 ಲೆನ್ಸನ್ನು ಮಾರುಕಟ್ಟೆಗೆ ತಂದಿತು. ನಿಕಾನ್ ಸಂಸ್ಥೆ ಕಡಿಮೆ ಚದುರಿಕೆಯ ವಿಶೇಷ ಗಾಜನ್ನು ರೂಪಿಸಿತು. 1970 ಮತ್ತು 80ರ ದಶಕಗಳಲ್ಲಿ 300 ಮಿ.ಮೀ. ಎಫ್/2.8, 400 ಮಿ.ಮೀ. ಎಫ್/2.8ರಂಥ ಲೆನ್ಸುಗಳು ಬರಲು ಈ ವಸ್ತುಗಳೇ ಕಾರಣ.

ದರ್ಪಣದ ದಾರಿಯೂ ಒಂದಿತ್ತು. ಪ್ರತಿಫಲನದಲ್ಲಿ ಬಣ್ಣಗಳು ಚದುರುವುದಿಲ್ಲ. ರಷ್ಯಾದ ದಿಮಿತ್ರಿ ಮಕ್ಸುತೋವ್ 1941ರಲ್ಲಿ ರೂಪಿಸಿದ ದರ್ಪಣ-ಮಸೂರ ವಿನ್ಯಾಸದಿಂದ ಗಿಡ್ಡವಾದ, ಹಗುರವಾದ, ಅಗ್ಗದ 500 ಮಿ.ಮೀ. ಲೆನ್ಸುಗಳು ಸಾಧ್ಯವಾದವು. ಆದರೆ ಅವು ಸಾಮಾನ್ಯವಾಗಿ ಎಫ್/8. ಬಿಸಿಲಿಗೆ ಸರಿ, ಕಾಡಿಗೆ ಸಾಲದು.

ಫಿಲ್ಮಿನಿಂದ ಸಂವೇದಕಕ್ಕೆ

ಲೆನ್ಸ್ ಎಷ್ಟೇ ಒಳ್ಳೆಯದಾದರೂ ಬೆಳಕನ್ನು ದಾಖಲಿಸುವ ಮೇಲ್ಮೈ ಮಂದವಾಗಿದ್ದರೆ ಪ್ರಯೋಜನವಿಲ್ಲ. 1936ರಲ್ಲಿ ಸ್ಥಿರಚಿತ್ರಗಳಿಗೆ ಬಂದ ಕೊಡಾಕ್ರೋಮ್ ವರ್ಣ ಫಿಲ್ಮಿನ ಸಂವೇದನೆ ಇಂದಿನ ಅಳತೆಯಲ್ಲಿ ಸುಮಾರು ಐ.ಎಸ್.ಓ. 10. ಮುಂದೆ ಪ್ರಕೃತಿ ಛಾಯಾಗ್ರಾಹಕರ ಮೆಚ್ಚಿನದಾದದ್ದು ಐ.ಎಸ್.ಓ. 25 ಮತ್ತು 64. ಕರ್ನಾಟಕದಲ್ಲಿ ಸಂಡೂರಿನ ಎಂ.ವೈ. ಘೋರ್ಪಡೆ, ಬೆಂಗಳೂರಿನ ಇ. ಹನುಮಂತರಾವ್, ಟಿ.ಎನ್.ಎ. ಪೆರುಮಾಳ್ ಮುಂತಾದವರು ಹೆಸರು ಮಾಡಿದ್ದು ಫಿಲ್ಮಿನ ಈ ಕಾಲದಲ್ಲೇ. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು ಹಕ್ಕಿಗಳ ಚಿತ್ರ ತೆಗೆದದ್ದಲ್ಲದೆ 'ಹಕ್ಕಿಪುಕ್ಕ' ಬರೆದು ಕನ್ನಡದ ಓದುಗರಿಗೆ ಹಕ್ಕಿಗಳನ್ನು ಪರಿಚಯಿಸಿದರು. ಮೇಲಿನ ನಮ್ಮ ಮುಂಜಾವಿನಲ್ಲಿ ಐ.ಎಸ್.ಓ. 25 ಫಿಲ್ಮು, ಎಫ್/5.6 ಲೆನ್ಸ್ ಇದ್ದರೆ ಬೇಕಾಗುವ ಅವಧಿ ಅರ್ಧ ಸೆಕೆಂಡಿಗೂ ಹೆಚ್ಚು!

ಈ ಚಿತ್ರಣ ಬದಲಾದದ್ದು ಡಿಜಿಟಲ್ ಸಂವೇದಕದಿಂದ. ಫಿಲ್ಮು ತನ್ನ ಮೇಲೆ ಬಿದ್ದ ಫೋಟಾನುಗಳಲ್ಲಿ ಕೆಲವೇ ಶೇಕಡದಷ್ಟನ್ನು ಉಪಯೋಗಿಸಿಕೊಳ್ಳುತ್ತಿತ್ತು. ಇಂದಿನ ಸಿಲಿಕಾನ್ ಸಂವೇದಕದಲ್ಲಿ ಬೆಳಕಿನ ಕೋಶವನ್ನು ತಲುಪಿದ ಫೋಟಾನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಲೆಕ್ಕಕ್ಕೆ ಸಿಗುತ್ತವೆ. 2007ರಲ್ಲಿ ಬಂದ ನಿಕಾನ್ ಡಿ3 ಕ್ಯಾಮೆರಾದಲ್ಲಿ ಐ.ಎಸ್.ಓ. 6400 ಸಾಮಾನ್ಯ ಮಿತಿಯೊಳಗೇ ಇತ್ತು. ಐ.ಎಸ್.ಓ. 3200ರಲ್ಲಿ ನಮ್ಮ ಮುಂಜಾವಿನ ಲೆಕ್ಕ ಹೀಗಾಗುತ್ತದೆ: ಎಫ್/5.6ಕ್ಕೆ 1/200 ಸೆಕೆಂಡು, ಎಫ್/4ಕ್ಕೆ 1/400, ಎಫ್/2.8ಕ್ಕೆ 1/800.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಸಾಮಾನ್ಯ. ಐ.ಎಸ್.ಓ. ಹೆಚ್ಚಿಸುವುದೆಂದರೆ ಬೆಳಕನ್ನು ಹೆಚ್ಚಿಸುವುದಲ್ಲ. ಫೋಟಾನುಗಳು ಮಳೆಹನಿಗಳಂತೆ ಯಾದೃಚ್ಛಿಕವಾಗಿ ಬೀಳುತ್ತವೆ. ಒಂದು ಕೋಶಕ್ಕೆ ಸರಾಸರಿ 10,000 ಫೋಟಾನು ಬಿದ್ದರೆ ಏರುಪೇರು ಸುಮಾರು 100, ಅಂದರೆ ಶೇಕಡ 1. ಸರಾಸರಿ 100 ಮಾತ್ರ ಬಿದ್ದರೆ ಏರುಪೇರು 10, ಅಂದರೆ ಶೇಕಡ 10. ಮಬ್ಬಿನಲ್ಲಿ ತೆಗೆದ ಚಿತ್ರ ಕಾಳುಕಾಳಾಗಿ ಕಾಣುವುದು ಮುಖ್ಯವಾಗಿ ಇದರಿಂದಲೇ. ಸಂವೇದಕ ಎಷ್ಟೇ ಮುಂದುವರಿದರೂ ಫೋಟಾನುಗಳನ್ನು ಲೆನ್ಸೇ ಸಂಗ್ರಹಿಸಿ ಕೊಡಬೇಕು.

ಕೈನಡುಕವನ್ನು ಲೆನ್ಸಿನೊಳಗೇ ಸರಿದೂಗಿಸುವ ವ್ಯವಸ್ಥೆಯನ್ನು ಕ್ಯಾನನ್ 1995ರಲ್ಲಿ ಒಂದು ಜೂಮ್ ಲೆನ್ಸಿನಲ್ಲಿ ತಂದಿತು. 1999ರಲ್ಲಿ ಅದು ದೊಡ್ಡ ಟೆಲಿಫೋಟೊಗಳಿಗೂ ಬಂತು. ನಮ್ಮ ಕೈ ಅಲುಗಿದರೆ ಇದು ಸರಿಪಡಿಸುತ್ತದೆ. ಹಕ್ಕಿ ಅಲುಗಿದರೆ ಇದರಿಂದ ಉಪಯೋಗವಿಲ್ಲ.

ಹಾಗಾದರೆ ಆಯ್ಕೆ?

ಈ ಚರಿತ್ರೆಯಿಂದ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಲೆನ್ಸ್ ಕೊಳ್ಳುವಾಗ ಸಂಗಮ ದೂರವನ್ನಷ್ಟೇ ನೋಡದೆ ಅದನ್ನು ಎಫ್ ಸಂಖ್ಯೆಯಿಂದ ಭಾಗಿಸಿ ವ್ಯಾಸವನ್ನು ಲೆಕ್ಕ ಹಾಕಿ. ಕಾಡಿನ ನೆರಳೇ ನಿಮ್ಮ ಕಾರ್ಯಕ್ಷೇತ್ರವಾದರೆ ವ್ಯಾಸಕ್ಕೆ ಮೊದಲ ಸ್ಥಾನ. ಆದರೆ ಅಗಲ ಬಾಯಿಗೆ ತೂಕ ಮತ್ತು ಬೆಲೆ ಎರಡೂ ಹೆಚ್ಚು. ಕ್ಯಾನನ್‌ನ 1999ರ 600 ಮಿ.ಮೀ. ಎಫ್/4 ಲೆನ್ಸ್ 5.36 ಕಿ.ಗ್ರಾಂ ತೂಗುತ್ತಿತ್ತು. 2018ರ ಆವೃತ್ತಿಯ ತೂಕ 3.05 ಕಿ.ಗ್ರಾಂ. ತೂಕ ಇಳಿದರೂ ಅದರ ಬೆಲೆ ಶಾಲೆಗಳ ಕೈಗೆ ಎಟುಕುವಂಥದಲ್ಲ.

ಕೆರೆ, ಗದ್ದೆ, ಬಯಲುಗಳಲ್ಲಿ ತಿರುಗುವವರಿಗೆ 400 ಮಿ.ಮೀ. ಎಫ್/5.6ರಂಥ ಸಾಧಾರಣ ಲೆನ್ಸ್ ಧಾರಾಳವಾಗಿ ಸಾಕು. 2020ರಲ್ಲಿ ಕ್ಯಾನನ್ ತಂದ 600 ಮಿ.ಮೀ. ಎಫ್/11 ಲೆನ್ಸಿನ ತೂಕ ಒಂದು ಕಿಲೋಗಿಂತಲೂ ಕಡಿಮೆ. ಅದರ ವ್ಯಾಸ ಸುಮಾರು 55 ಮಿ.ಮೀ. ಎಫ್/4 ಲೆನ್ಸಿಗೆ ಹೋಲಿಸಿದರೆ ಅದು ಏಳೂವರೆ ಪಟ್ಟು ಕಡಿಮೆ ಬೆಳಕನ್ನು ಹಿಡಿಯುತ್ತದೆ. ನಮ್ಮ ಮುಂಜಾವಿನಲ್ಲಿ ಐ.ಎಸ್.ಓ. 3200ರಲ್ಲೂ ಅದಕ್ಕೆ 1/50 ಸೆಕೆಂಡು ಬೇಕು. ಹೊತ್ತೇರಿದ ಮೇಲೆ ಅದು ಒಳ್ಳೆಯ ಸಂಗಾತಿ. ನಸುಕಿನಲ್ಲಾದರೆ ಟ್ರೈಪಾಡಿನ ಮೇಲಿಟ್ಟು, ಹಕ್ಕಿ ಒಂದು ಕ್ಷಣ ನಿಶ್ಚಲವಾಗುವವರೆಗೆ ಕಾಯಬೇಕು.

ಒಟ್ಟಿನಲ್ಲಿ ಹಕ್ಕಿಯ ಬೆಳಕನ್ನು ಹೆಚ್ಚು ಪಡೆಯಲು ನಾಲ್ಕು ದಾರಿಗಳಿವೆ: ಅಗಲವಾದ ಲೆನ್ಸ್, ದೀರ್ಘ ಅವಧಿ, ಸೂಕ್ಷ್ಮ ಸಂವೇದಕ ಮತ್ತು ಕಡಿಮೆ ದೂರ. ಮೊದಲ ಮೂರರ ಬೆಲೆಯನ್ನು ಹಣದಿಂದಲೋ ತಾಳ್ಮೆಯಿಂದಲೋ ನಾವು ತೆರುತ್ತೇವೆ. ನಾಲ್ಕನೆಯದರ ಬೆಲೆಯನ್ನು ತೆರುವುದು ಹಕ್ಕಿ. ಮನುಷ್ಯ ಗೂಡಿನ ಬಳಿ ಸುಳಿದಾಡಿದರೆ ತಾಯಿಹಕ್ಕಿ ಮೊಟ್ಟೆಗಳನ್ನು ಬಿಟ್ಟು ದೂರ ಉಳಿಯಬಹುದು. ಮೊಟ್ಟೆ ತಣ್ಣಗಾಗುತ್ತದೆ ಅಥವಾ ಬಿಸಿಲಿಗೆ ಬೇಯುತ್ತದೆ. ಸರಿಸಿದ ಎಲೆಮರೆಯ ಸಂದಿನಿಂದ ಕಾಗೆ ಗೂಡನ್ನು ಕಂಡುಹಿಡಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ 'ಬೇಟೆ' ಎಂಬ ಪದದ ವ್ಯಾಖ್ಯೆಯೊಳಗೆ ಕಾಡುಹಕ್ಕಿಗಳ ಮೊಟ್ಟೆ, ಗೂಡುಗಳಿಗೆ ತೊಂದರೆ ಕೊಡುವುದೂ ಸೇರಿದೆ ಎಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸಬೇಕು.

ಕೀರ್ಟನ್ ಸಹೋದರರಿಗೆ ಬೇರೆ ದಾರಿ ಇರಲಿಲ್ಲ. ನಮಗೆ ಇದೆ. ನಮ್ಮ ಲೆನ್ಸಿಗೆ ಎಟುಕದಷ್ಟು ಮಬ್ಬಿನಲ್ಲಿ ಹಕ್ಕಿ ಕುಳಿತಿದ್ದರೆ ಕ್ಯಾಮೆರಾ ಕೆಳಗಿಟ್ಟು, ಅದರ ಹೆಸರು, ಹೊತ್ತು, ಜಾಗ ಮತ್ತು ಅದು ಮಾಡುತ್ತಿದ್ದ ಕೆಲಸವನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳೋಣ. ಅದಕ್ಕೆ ಎಷ್ಟು ಕಡಿಮೆ ಬೆಳಕಿದ್ದರೂ ಸಾಕು.