ತಗಡಿನ ಒಲೆಯ ಚರಿತ್ರೆ

ಸೀಮೆಎಣ್ಣೆಯ ಖಾಲಿ ಡಬ್ಬಕ್ಕೆ ಮರದ ಹೊಟ್ಟನ್ನು ಒತ್ತಿ ತುಂಬಿ ಉರಿಸುತ್ತಿದ್ದ ಒಲೆಯನ್ನು ನಿಮ್ಮಲ್ಲಿ ಕೆಲವರಾದರೂ ಕಂಡಿರಬಹುದು. ಡಬ್ಬದ ನಡುವೆ ಒಂದು ಸೀಸೆಯನ್ನು ನಿಲ್ಲಿಸಿ, ಸುತ್ತ ಹೊಟ್ಟನ್ನು ಗಿಡಿದು, ಆಮೇಲೆ ಸೀಸೆಯನ್ನು ಮೆಲ್ಲನೆ ಎಳೆದುಕೊಂಡರೆ ಉರಿಗೆ ದಾರಿಯಾಯಿತು. ನಮ್ಮ ಮನೆಯಲ್ಲಿ ಇದು ತಾಯಿಯವರ ಕೈಕೆಲಸ. ಆ ಡಬ್ಬದ ಮುಂದೆ ಕುಳಿತು ಬೆಳೆದ ನನಗೆ, ಮುಂದೆ ಚರಿತ್ರೆಯ ಪುಸ್ತಕಗಳಲ್ಲಿ ಇನ್ನೊಂದು ತಗಡಿನ ಒಲೆಯ ಪರಿಚಯವಾದಾಗ ಅದು ದೂರದ್ದೆನಿಸಲಿಲ್ಲ. ಅದರ ಹೆಸರು ಬುರ್ಜುಯ್ಕಾ. ಅದರ ಊರು ರಷ್ಯದ ಪೆಟ್ರೋಗ್ರಾಡ್. ೧೯೨೪ರಲ್ಲಿ ಲೆನಿನ್‌ಗ್ರಾಡ್ ಎನಿಸಿ, ೧೯೯೧ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಎಂಬ ತನ್ನ ಮೊದಲ ಹೆಸರಿಗೆ ಮರಳಿದ ನಗರವೇ ಇದು.

೧೯೧೭ರ ಕ್ರಾಂತಿಯ ಬೆನ್ನಿಗೇ ಅಲ್ಲಿ ಅಂತರ್ಯುದ್ಧ ತಲೆದೋರಿತು. ದಕ್ಷಿಣದ ಕಲ್ಲಿದ್ದಲು, ಬಾಕುವಿನ ಎಣ್ಣೆ ಎರಡೂ ನಗರಕ್ಕೆ ಬಾರದಾದವು. ರೈಲುಗಳು ನಿಂತುಹೋದವು. ಅಲ್ಲಿನ ಮನೆಗಳಲ್ಲಿದ್ದದ್ದು ಇಟ್ಟಿಗೆಯಿಂದ ಕಟ್ಟಿ ಹೊಳಪಿನ ಬಿಲ್ಲೆ ಹೊದಿಸಿದ ಭಾರಿ ಒಲೆಗಳು. ಅವು ಕಾಯಬೇಕಾದರೆ ಹೊರೆಗಟ್ಟಲೆ ಸೌದೆ ಬೇಕು. ಒಮ್ಮೆ ಕಾದರೆ ಬಹಳ ಹೊತ್ತು ಬಿಸಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಸೌದೆಯೇ ಇಲ್ಲದ ಮೇಲೆ ಆ ಒಲೆ ಬರಿಯ ಗೋಡೆಯಷ್ಟೆ. ಆಗ ಜನ ಹಳೆಯ ತಗಡು, ಪೀಪಾಯಿ, ಬಕೆಟ್ಟು, ಏನು ಸಿಕ್ಕಿತೋ ಅದನ್ನೇ ಕತ್ತರಿಸಿ ಬಾಗಿಸಿ ಪುಟ್ಟ ಒಲೆ ಮಾಡಿಕೊಂಡರು. ನಾಲ್ಕು ಕಾಲು, ಒಂದು ಬಾಗಿಲು, ಒಂದು ಕೊಳವೆ. ಕೊಳವೆಯನ್ನು ಕೋಣೆಯ ಉದ್ದಕ್ಕೂ ಹಾಯಿಸಿ ಕಿಟಕಿಯ ಸಣ್ಣ ಗಾಜನ್ನು ತೆಗೆದು ಹೊರಕ್ಕೆ ಬಿಡುತ್ತಿದ್ದರು. ಹೊಗೆ ಹೊರಗೆ ಹೋಗುವ ಮುನ್ನ ತನ್ನ ಬಿಸಿಯನ್ನು ಒಳಗೇ ಬಿಟ್ಟುಹೋಗಲಿ ಎಂಬುದು ಇದರ ಯುಕ್ತಿ.

ತೆಳುವಾದ ತಗಡಾದ್ದರಿಂದ ಹಿಡಿ ಚಕ್ಕೆಯಿಂದಲೇ ಅದು ಕೆಂಪಗೆ ಕಾಯುತ್ತಿತ್ತು. ಉರಿ ಆರಿದೊಡನೆ ತಣ್ಣಗಾಗುತ್ತಿತ್ತು. 'ಬುರ್ಜುಯ್' ಎಂದರೆ ಹಣವಂತ. ಮೊದಮೊದಲು ಸೌದೆ ಕೊಳ್ಳಬಲ್ಲ ಹಣವಂತರ ಮನೆಯಲ್ಲಿ ಮಾತ್ರ ಇದ್ದುದರಿಂದ ಈ ಹೆಸರು ಬಂತೆನ್ನುವವರುಂಟು. ಹಣವಂತನಂತೆ ಎಷ್ಟು ತಿಂದರೂ ತಣಿಯದೆ, ಹತ್ತಿರದವರನ್ನಷ್ಟೆ ಬೆಚ್ಚಗಿಡುವುದರಿಂದ ಬಂತೆನ್ನುವವರೂ ಉಂಟು. ಎರಡನೆಯದರಲ್ಲಿ ಹಾಸ್ಯವಿದೆ, ನೋವೂ ಇದೆ.

ಅದರ ಹೊಟ್ಟೆಗೆ ಬೇಲಿ ಹೋಯಿತು, ಕುರ್ಚಿ ಹೋಯಿತು, ನೆಲಕ್ಕೆ ಹಾಸಿದ ಹಲಗೆ ಹೋಯಿತು, ಪುಸ್ತಕವೂ ಹೋಯಿತು. ಮರದ ಮನೆಗಳನ್ನೇ ಜನ ಬಿಚ್ಚಿ ಉರಿಸಿದರು. ಇಪ್ಪತ್ತು ಲಕ್ಷವನ್ನು ಮೀರಿದ್ದ ನಗರದ ಜನಸಂಖ್ಯೆ ೧೯೨೦ರ ವೇಳೆಗೆ ಸುಮಾರು ಏಳು ಲಕ್ಷಕ್ಕೆ ಇಳಿಯಿತು. ಯೆವ್ಗೆನಿ ಝಮ್ಯಾತಿನ್ ಎಂಬ ಲೇಖಕ ಆ ದಿನಗಳನ್ನು ಕುರಿತು 'ಗುಹೆ' ಎಂಬ ಕಥೆಯನ್ನು ಬರೆದ. ಅದರಲ್ಲಿ ಸುಸಂಸ್ಕೃತನಾದ ಗೃಹಸ್ಥನೊಬ್ಬ ಕಾಯಿಲೆಯ ಹೆಂಡತಿಯನ್ನು ಒಂದು ದಿನ ಬೆಚ್ಚಗಿಡಲು ನೆರೆಯವನ ಸೌದೆಯನ್ನು ಕದಿಯುತ್ತಾನೆ. ಚಳಿ ಮೊದಲು ಮೈಯನ್ನು, ಆಮೇಲೆ ಮರ್ಯಾದೆಯನ್ನು ಮುಟ್ಟುತ್ತದೆ.

ಇಪ್ಪತ್ತು ವರ್ಷ ಕಳೆಯಿತು. ೧೯೪೧ರ ಸೆಪ್ಟೆಂಬರ್ ೮ರಂದು ಜರ್ಮನ್ ಸೇನೆ ಲೆನಿನ್‌ಗ್ರಾಡನ್ನು ನೆಲದ ಮಾರ್ಗದಿಂದ ಪೂರ್ತಿ ಮುತ್ತಿತು. ಈ ಮುತ್ತಿಗೆ ಕೊನೆಗೊಂಡದ್ದು ೧೯೪೪ರ ಜನವರಿ ೨೭ರಂದು. ಮೊದಲ ಚಳಿಗಾಲದಲ್ಲಿ ದೀಪ ಆರಿತು, ನೀರು ನಿಂತಿತು. ನವೆಂಬರ್ ೨೦ರಿಂದ ಡಿಸೆಂಬರ್ ೨೫ರವರೆಗೆ ಮಕ್ಕಳಿಗೂ ಮುದುಕರಿಗೂ ದಿನಕ್ಕೆ ದೊರೆತದ್ದು ೧೨೫ ಗ್ರಾಂ ರೊಟ್ಟಿ. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗಿನ ಚಳಿ. ಮರೆತುಹೋಗಿದ್ದ ಬುರ್ಜುಯ್ಕಾ ಮತ್ತೆ ಮನೆಮನೆಗೂ ಬಂತು. ಅದೇ ಕಾಪಾಡಿತು, ಅದೇ ಕೊಂದಿತು. ಕೊಳವೆಯ ಕಿಡಿಯಿಂದ ಹತ್ತಿದ ಬೆಂಕಿಯನ್ನು ಆರಿಸಲು ನೀರಿಲ್ಲದೆ ಎಷ್ಟೋ ಮನೆಗಳು ಸುಟ್ಟುಹೋದವು.

ಇದನ್ನು ಹೇಳದೆ ಇರಲಾರೆ. ಆ ಕೋಣೆಗಳ ಗೋಡೆಯಲ್ಲೂ ತಂತಿಯ ಮೂಲಕ ನುಡಿಯುವ ಒಂದು ಧ್ವನಿವರ್ಧಕವಿತ್ತು. ಕಾರ್ಯಕ್ರಮವಿಲ್ಲದಾಗ ಅದರಿಂದ ಲಯ ಹಿಡಿಯುವ ಯಂತ್ರದ ಟಕ್ ಟಕ್ ಸದ್ದು ಕೇಳುತ್ತಿತ್ತು. ನಿಧಾನವಾಗಿದ್ದರೆ ಅಪಾಯವಿಲ್ಲ, ವೇಗವಾದರೆ ವಿಮಾನದಾಳಿ. ಕವಯಿತ್ರಿ ಓಲ್ಗಾ ಬೆರ್ಗೋಲ್ತ್ಸ್ ಅದರಲ್ಲಿ ಜನರೊಡನೆ ಮಾತಾಡುತ್ತಿದ್ದರು. ೧೯೪೨ರ ಜನವರಿಯಲ್ಲಿ ಪತಿಯನ್ನು ಕಳೆದುಕೊಂಡ ಮೇಲೂ ಆಕೆ ಮಾತನ್ನು ನಿಲ್ಲಿಸಲಿಲ್ಲ. ಒಂದು ಕಡೆ ತಗಡಿನ ಒಲೆ, ಇನ್ನೊಂದು ಕಡೆ ಆ ದನಿ. ನಡುವೆ ಕುಟುಂಬ.

ಈ ಚರಿತ್ರೆಯಲ್ಲಿ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಸೇಂಟ್ ಐಸಾಕ್ ಚೌಕದ ಒಂದು ಕಟ್ಟಡದ ಮುಂದೆ. ಅದು ಸಸ್ಯವಿಜ್ಞಾನಿ ನಿಕೊಲಾಯ್ ವಾವಿಲೊವ್ ಬೆಳೆಸಿದ ಸಂಸ್ಥೆ. ದೇಶವಿದೇಶಗಳಿಂದ ತಂದ ಲಕ್ಷಾಂತರ ಬೀಜದ ಮಾದರಿಗಳು ಅಲ್ಲಿದ್ದವು. ವಾವಿಲೊವರನ್ನು ಅವರ ಸರ್ಕಾರವೇ ೧೯೪೦ರಲ್ಲಿ ಸೆರೆ ಹಿಡಿದಿತ್ತು; ೧೯೪೩ರ ಜನವರಿಯಲ್ಲಿ ಅವರು ಸರಾಟೊವ್ ಸೆರೆಮನೆಯಲ್ಲಿ ತೀರಿಕೊಂಡರು. ಸಹೋದ್ಯೋಗಿಗಳು ಬೀಜಗಳನ್ನು ಕಾದರು. ನೆಲಮಾಳಿಗೆಯಲ್ಲಿ ಆಲೂಗೆಡ್ಡೆಯ ಸಂಗ್ರಹವಿತ್ತು. ಆಲೂಗೆಡ್ಡೆ ಹೆಪ್ಪುಗಟ್ಟಿದರೆ ಸತ್ತಂತೆ. ಅವರು ಒಡೆದ ಪೆಟ್ಟಿಗೆ, ರಟ್ಟು, ಬಾಂಬಿಗೆ ಕುಸಿದ ಮನೆಗಳ ಮರ ಇವನ್ನೆಲ್ಲ ಆಯ್ದು ತಂದು ಒಲೆ ಉರಿಸಿದರು. ಹಸಿದವರು ಉರಿ ಹಾಕುತ್ತಿದ್ದುದು ಬೇಯಿಸಿ ತಿನ್ನುವುದಕ್ಕಲ್ಲ, ಗೆಡ್ಡೆಯ ಜೀವ ಉಳಿಸುವುದಕ್ಕೆ. ಬತ್ತದ ಸಂಗ್ರಹವನ್ನು ನೋಡಿಕೊಳ್ಳುತ್ತಿದ್ದ ದ್ಮಿತ್ರಿ ಇವಾನೊವ್ ಸಾವಿರಾರು ಬತ್ತದ ಪೊಟ್ಟಣಗಳ ನಡುವೆಯೇ ಹಸಿವಿನಿಂದ ಸತ್ತರು. ೧೯೪೨ರ ವಸಂತದಲ್ಲಿ ಆ ಆಲೂಗೆಡ್ಡೆಗಳನ್ನು ನಗರದ ಅಂಚಿನಲ್ಲಿ ಮಣ್ಣಿಗಿಟ್ಟರು.

ಮುತ್ತಿಗೆಯಲ್ಲಿ ಆರು ಲಕ್ಷಕ್ಕೂ ಹೆಚ್ಚು ನಾಗರಿಕರು ಮಡಿದರು. ಚಳಿ ತಡೆಯಲಾರದೆ ಪುಸ್ತಕ ಸುಟ್ಟವರನ್ನು ದೂಷಿಸಲು ಬೆಚ್ಚಗೆ ಕುಳಿತ ನಮಗೆ ಹಕ್ಕಿಲ್ಲ. ಆದರೆ ತಗಡಿನ ಒಲೆಯ ಚರಿತ್ರೆಯನ್ನು ಬರೆಯುವಾಗ ಅದರೊಳಗೆ ಏನೇನು ಉರಿಯಿತು ಎಂಬುದನ್ನು ಎಣಿಸಿದರೆ ಸಾಲದು. ಕೈಗೆ ಎಟಕುವಂತಿದ್ದರೂ ಬಾಯಿಗೆ ಹೋಗದೆ ಅದರ ಪಕ್ಕದಲ್ಲಿ ಏನು ಉಳಿಯಿತು ಎಂಬುದನ್ನೂ ಬರೆಯಬೇಕು. ಆ ಪಟ್ಟಿ ಚಿಕ್ಕದು. ಅದರಲ್ಲಿ ಒಂದಿಷ್ಟು ಆಲೂಗೆಡ್ಡೆ ಇದೆ, ಒಂದಿಷ್ಟು ಬತ್ತವಿದೆ.